ಅಮೆರಿಕದಲ್ಲಿ ನೋಡಿದ ಪಾಚಿ

ಮಳೆಗಾಲದ ರಜೆಗೆ ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಬಂದಿದ್ದೇನೆ. ಅಮೆರಿಕದಲ್ಲಿ ನೋಡಿದ್ದರಲ್ಲಿ ಯಾವುದು ಚೆಂದ ಅಂತ ಕೇಳಿದವರಿಗೆಲ್ಲ ಪಾಚಿ ಅಂತ ಹೇಳುತ್ತಿದ್ದೇನೆ. ಯಾರೂ ನಂಬುತ್ತಿಲ್ಲ. ನಂಬುವುದಾದರೂ ಹೇಗೆ? ಇಲ್ಲಿ ಜೂನ್ ಬಂತೆಂದರೆ ಅಂಗಳಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಬೇಕು, ಓಡಾಡಲು ಅಡಿಕೆ ದಬ್ಬೆ ಹಾಸಬೇಕು. ಅಷ್ಟು ಮಾಡಿದರೂ ಯಾರಾದರೊಬ್ಬರು ಜಾರಿಬಿದ್ದು ಸೊಂಟ ಹಿಡಿದುಕೊಳ್ಳುವುದು ತಪ್ಪುವುದಿಲ್ಲ.

ನಾನಿರುವುದು ಸಾಲ್ಟ್ ಲೇಕ್ ಸಿಟಿಯಲ್ಲಿ. ಅಲ್ಲಿಂದ ಯೆಲ್ಲೋಸ್ಟೋನ್‌ಗೆ ಕಾರಿನಲ್ಲಿ ಐದಾರು ಗಂಟೆ. 1872ರಲ್ಲೇ ರಾಷ್ಟ್ರೀಯ ಉದ್ಯಾನ ಆದ ಜಾಗ. ನೆಲದಡಿ ಜ್ವಾಲಾಮುಖಿಯ ಕಾವು ಇನ್ನೂ ಇದೆ. ಮಳೆ, ಹಿಮದ ನೀರು ಕೆಳಗಿಳಿದು ಕಾದು, ಕಲ್ಲಿನ ಸಿಲಿಕಾ ಕರಗಿಸಿಕೊಂಡು ಮೇಲೆ ಬರುತ್ತದೆ. ಅಲ್ಲಿನ ಬಿಸಿನೀರ ಬುಗ್ಗೆಗಳಲ್ಲಿ ದೊಡ್ಡದು ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್, ಸುಮಾರು 110 ಮೀಟರ್ ಅಗಲ. ನಡುವೆ ಮೈಲುತುತ್ತದಂಥ ನೀಲಿ. ಸುತ್ತ ಹಸಿರು, ಹಳದಿ, ಕಿತ್ತಳೆ. ಅಂಚಿನಲ್ಲಿ ಕಂದು.

ಜಗಲಿಯಲ್ಲಿ ಫೋಟೋ ನೋಡಿದ ದೊಡ್ಡಪ್ಪ, "ಎಂತ ಪೇಂಟ್ ಸುರಿದಿದಾರ ಮಾರಾಯ ಅದಕ್ಕೆ?" ಅಂದರು. ಪಕ್ಕದ ಮನೆ ಮೇಷ್ಟ್ರು, "ಗಂಧಕ ಇರ್ಬೇಕು" ಅಂದರು. ಎರಡೂ ಅಲ್ಲ. ನೀಲಿ ಮಾತ್ರ ಆಳವಾದ ತಿಳಿನೀರಿನದು. ಅಂಚಿನ ಹಳದಿ, ಕಿತ್ತಳೆ, ಕಂದು ಎಲ್ಲ ಜೀವ ಇರುವಂಥದ್ದು. ಬರಿಗಣ್ಣಿಗೆ ಒಂದೊಂದಾಗಿ ಕಾಣದಷ್ಟು ಸಣ್ಣ ಜೀವಿಗಳು ಕೋಟಿಗಟ್ಟಲೆ ಸೇರಿ ಚಾಪೆ ಕಟ್ಟಿಕೊಂಡಿರುತ್ತವೆ. ಶಾಲೆಯಲ್ಲಿ ನೀಲಿ-ಹಸಿರು ಪಾಚಿ ಅಂತ ಓದಿದ್ದೇವಲ್ಲ, ಹೆಚ್ಚಿನವು ಅವೇ. ಈಗ ಅವನ್ನು ಬ್ಯಾಕ್ಟೀರಿಯಾ ಗುಂಪಿಗೆ ಸೇರಿಸಿದ್ದಾರೆ. ಬಿಸಿಲಿನಿಂದ ಊಟ ಮಾಡಿಕೊಳ್ಳುವ ಅವುಗಳ ಕೆಲಸವೇನೂ ಬದಲಾಗಿಲ್ಲ. ಹಾಗಾಗಿ ನನಗೆ ಅವು ಪಾಚಿಯೇ.

ಆ ಬಣ್ಣ ನೋಡಿ ನೀರೆಷ್ಟು ಬಿಸಿ ಅಂತ ಹೇಳಬಹುದು. ನನಗೆ ಹುಚ್ಚು ಹಿಡಿಸಿದ್ದೇ ಇದು. ಸುಮಾರು 73 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿಯಾದರೆ ಬಿಸಿಲನ್ನು ನಂಬಿ ಬದುಕುವ ಯಾವ ಜೀವಿಯೂ ಉಳಿಯುವುದಿಲ್ಲ. ನಡುವಿನ ನೀರು ಅಷ್ಟು ತಿಳಿಯಾಗಿರುವುದು ಅದಕ್ಕೇ. ಆ ಗಡಿಯಿಂದ ಕೊಂಚ ಕೆಳಗಿಳಿದಲ್ಲಿ ಸಿನೆಕೊಕಾಕಸ್ ಅನ್ನುವ ಪಾಚಿ ಬೇರೂರುತ್ತದೆ, ಅದು ಹಳದಿ. ನೀರು ಹರಿದು ಇನ್ನೂ ತಣಿದ ಕಡೆ ಫಾರ್ಮಿಡಿಯಂ, ಅದು ಕಿತ್ತಳೆ. ತೀರಾ ಅಂಚಿನಲ್ಲಿ ಕ್ಯಾಲೋಥ್ರಿಕ್ಸ್, ಅದು ಕಂದು. ನಾರಿಸ್ ಅನ್ನುವ ಭಾಗದ ಆಮ್ಲದ ನೀರಿನಲ್ಲಿ ಇವು ಯಾವುವೂ ಬಾಳುವುದಿಲ್ಲ. ಅಲ್ಲಿ ಸಯನಿಡಿಯಂ ಅನ್ನುವ ನಿಜವಾದ ಪಾಚಿಯೇ 56 ಡಿಗ್ರಿವರೆಗೂ ಹಚ್ಚಹಸಿರಾಗಿರುತ್ತದೆ.

ನೋಡುವವರಿಗೆ ಮರದ ಹಲಗೆಯ ದಾರಿ ಮಾಡಿದ್ದಾರೆ. ಅದನ್ನು ಬಿಟ್ಟು ಇಳಿಯುವ ಹಾಗಿಲ್ಲ. ಹಲಗೆ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ಬೆರಳು ಮುಳುಗದಷ್ಟು ನೀರು ಹರಿಯುತ್ತಿತ್ತು. ಕೆಳಗೆ ಕಿತ್ತಳೆ ಚಾಪೆ. ಅದರ ತುಂಬ ಸೂಜಿಮೊನೆಯಷ್ಟು ಗುಳ್ಳೆ. ಪಾಚಿ ಬಿಟ್ಟ ಆಮ್ಲಜನಕ ಅದು. ಕಾಡೆಮ್ಮೆಯೊಂದು ನಡೆದುಹೋದ ಗೊರಸಿನ ಗುರುತು ಚಾಪೆಯಲ್ಲಿ ಹಾಗೇ ಉಳಿದಿತ್ತು. ತಣಿದ ಕಡೆ ಸಣ್ಣ ನೊಣಗಳು ಪಾಚಿ ಮೇಯುತ್ತಿದ್ದವು. ಆ ನೊಣ ಹಿಡಿಯಲು ಜೇಡಗಳೂ ಬರುತ್ತವಂತೆ.

ಹಸಿರಿರಬೇಕಾದ್ದು ಕಿತ್ತಳೆ ಯಾಕೆ? ಹಸಿರೂ ಒಳಗಿದೆ. ಬಿಸಿಲಿನ ಹೊಡೆತ ತಡೆಯಲು ಕ್ಯಾರೊಟಿನ್ ಜಾತಿಯ ಬಣ್ಣ ತುಂಬಿಕೊಳ್ಳುವುದರಿಂದ ಹಸಿರು ಮುಚ್ಚಿಹೋಗುತ್ತದೆ. ಚಳಿಗಾಲದಲ್ಲಿ ಬಿಸಿಲು ಇಳಿದಾಗ ಅದೇ ಚಾಪೆ ಹಸಿರಿನ ಕಡೆ ತಿರುಗುತ್ತದೆ. ಇದಕ್ಕೆ ಅಮೆರಿಕದವರೆಗೆ ಹೋಗಬೇಕಾಗಿಲ್ಲ. ನಮ್ಮ ಕಡೆ ಹಳೇ ಗೋಡೆ, ಮರದ ಕಾಂಡದ ಮೇಲೆ ಮಳೆಗಾಲದಲ್ಲಿ ಕಿತ್ತಳೆ ಮಖಮಲ್ಲು ಬೆಳೆಯುತ್ತದಲ್ವಾ? ಅದು ಟ್ರೆಂಟಿಪೋಲಿಯಾ ಅನ್ನುವ ಹಸಿರು ಪಾಚಿ. ಅದರ ಬಣ್ಣವೂ ಕ್ಯಾರೊಟಿನ್ನಿನದೇ. 2001ರಲ್ಲಿ ಕೇರಳದಲ್ಲಿ ಕೆಂಪು ಮಳೆ ಸುರಿದಾಗ ನೀರಲ್ಲಿ ಸಿಕ್ಕಿದ್ದು ಈ ಜಾತಿಯ ಪಾಚಿಯ ಬೀಜಕಣ ಅಂತ ವಿಜ್ಞಾನಿಗಳು ವರದಿ ಕೊಟ್ಟಿದ್ದರು.

"ಇದರಿಂದ ಉಪಯೋಗ ಎಂತದು?" ಅಂತ ದೊಡ್ಡಪ್ಪ ಕೇಳಿಯೇ ಕೇಳಿದರು. ಅಡಿಕೆ ಬೆಳೆಗಾರರ ಪ್ರಶ್ನೆ! 1966ರಲ್ಲಿ ಥಾಮಸ್ ಬ್ರಾಕ್ ಅನ್ನುವ ವಿಜ್ಞಾನಿ ಯೆಲ್ಲೋಸ್ಟೋನಿನ ಬುಗ್ಗೆಯೊಂದರ ನೀರು ತೆಗೆದುಕೊಂಡು ಹೋದರು. ಅದರಲ್ಲಿ ಥರ್ಮಸ್ ಅಕ್ವಾಟಿಕಸ್ ಅನ್ನುವ ಬ್ಯಾಕ್ಟೀರಿಯಾ ಸಿಕ್ಕಿತು. ಇದು ಪಾಚಿಯಲ್ಲ, ಪಾಚಿಯ ನೆರೆಮನೆಯದು. ಇದರ ಒಂದು ಕಿಣ್ವ ಕುದಿಯುವಷ್ಟು ಬಿಸಿಯಲ್ಲೂ ಕೆಡುವುದಿಲ್ಲ. ಪದೇ ಪದೇ ಕಾಯಿಸಿ ತಣಿಸಿ ಡಿಎನ್‌ಎ ಹೆಚ್ಚಿಸುವ ಪಿಸಿಆರ್ ವಿಧಾನ ಸಲೀಸಾಗಿದ್ದು ಇದರಿಂದ. ಪಿಸಿಆರ್ ಕಂಡುಹಿಡಿದ ಕ್ಯಾರಿ ಮುಲ್ಲಿಸ್‌ಗೆ 1993ರಲ್ಲಿ ನೊಬೆಲ್ ಬಂತು. ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡ ಮೇಲೆ ನಡೆಯುತ್ತಿದ್ದ ಪರೀಕ್ಷೆ ಆ ಜಾತಿಯದೇ. ನಮ್ಮ ಮಂಗನ ಕಾಯಿಲೆಯನ್ನೂ ಈಗ ಪಿಸಿಆರ್‌ನಲ್ಲೇ ಪತ್ತೆ ಮಾಡುತ್ತಾರೆ. ಇದನ್ನು ಹೇಳಿದ ಮೇಲೆ ದೊಡ್ಡಪ್ಪ ಫೋಟೋ ಇನ್ನೊಂದು ಸಲ ನೋಡಿದರು.

ದೊಡ್ಡಮ್ಮನಿಗೆ ಹಿಡಿಸಿದ್ದು ಮಾರ್ನಿಂಗ್ ಗ್ಲೋರಿ ಬುಗ್ಗೆಯ ಕಥೆ. ಅದು ಮೊದಲು ಪೂರ್ತಿ ನೀಲಿ ಇತ್ತು. ಜನ ವರ್ಷಗಟ್ಟಲೆ ಕಾಸು, ಕಸ ಎಸೆದು ಬಿಸಿನೀರು ಬರುವ ಬಾಯಿಯೇ ಕಟ್ಟಿತು. ನೀರು ತಣಿಯಿತು. ಅಂಚಿನಲ್ಲಿದ್ದ ಹಳದಿ, ಕಿತ್ತಳೆ ಪಾಚಿ ಒಳಗೆ ನುಗ್ಗಿತು. "ಅಲ್ಲಿಯೂ ಕಾಸು ಹಾಕ್ತಾರನಾ?" ಅಂತ ದೊಡ್ಡಮ್ಮ ನಕ್ಕರು. ತುಂಗಾ ಸೇತುವೆ ಬಂದ ಕೂಡಲೇ ಪರ್ಸ್ ತೆಗೆಯುವವರು ಅವರೇ.

ಮಕ್ಕಳ ಮನೆಗೆ ಅಂತ ಆ ಕಡೆ ಬರುವವರು ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್‌ಗೆ ಬೆಳಿಗ್ಗೆ ಬೇಗ ಹೋಗಬೇಡಿ. ಚಳಿಗೆ ಹಬೆ ದಟ್ಟವಾಗಿ ಎದ್ದು ಏನೂ ಕಾಣುವುದಿಲ್ಲ. ಬಿಸಿಲೇರಿದ ಮೇಲೆ, ಫೇರಿ ಫಾಲ್ಸ್ ಕಡೆಯ ದಾರಿಯಲ್ಲಿ ಗುಡ್ಡ ಹತ್ತಿ ಮೇಲಿನಿಂದ ನೋಡಿ. ಮಂಡಿನೋವು ಇದ್ದವರು ನಿಧಾನಕ್ಕೆ ಹತ್ತಿದರೆ ಸಾಕು. ನವೆಂಬರಿನಿಂದ ಏಪ್ರಿಲ್ ನಡುವರೆಗೆ ಅಲ್ಲಿನ ಹೆಚ್ಚಿನ ರಸ್ತೆಗಳು ಕಾರಿಗೆ ಮುಚ್ಚಿರುತ್ತವೆ, ಟಿಕೆಟ್ ಮಾಡಿಸುವ ಮೊದಲೇ ಅದನ್ನು ನೋಡಿಕೊಳ್ಳಿ.