ಅಪ್ಪನ ಜಮೀನು, ನನ್ನ ವರ್ಕ್‌ಶಾಪು, ಅಮ್ಮನ ಪ್ರಶ್ನೆ

ಬಲಗೈ ಮಣಿಕಟ್ಟು ಮುರಿದು ಆರು ವಾರ ವರ್ಕ್‌ಶಾಪಿನ ಬಾಗಿಲು ಹಾಕಿದ್ದೆ. ಮತ್ತೆ ತೆರೆದ ದಿನ ಒಬ್ಬ ಗಿರಾಕಿಯೂ ಬರಲಿಲ್ಲ. ಮಧ್ಯಾಹ್ನದವರೆಗೆ ಸುಮ್ನೆ ಕೂತಿದ್ದೆ.

ಹದಿನೆಂಟು ವರ್ಷದಿಂದ ಮೋಟರ್ ವೈಂಡಿಂಗ್, ಅಂದರೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಕೆಲಸ, ಮಾಡುತ್ತಿದ್ದೇನೆ. ಯಂತ್ರಗಳಿವೆ, ಕೆಲಸಕ್ಕೆ ಒಬ್ಬ ಹುಡುಗನಿದ್ದಾನೆ. ಆದರೆ ಯಾವ ಮೋಟರಿಗೆ ಎಷ್ಟು ಸುತ್ತು, ಯಾವ ಗೇಜಿನ ತಂತಿ, ಯಾರಿಂದ ಎಷ್ಟು ಬಾಕಿ ಬರಬೇಕು, ಎಲ್ಲವೂ ನನ್ನ ತಲೆಯಲ್ಲೇ ಇತ್ತು. ನಾನಿಲ್ಲದಾಗ ಆ ಹುಡುಗ ಏನು ತಾನೇ ಮಾಡಬೇಕಿತ್ತು?

ವಯಸ್ಸಾದ ಮೇಲೆ ಅಂಗಡಿ ಮಾರಿ, ಬಂದ ದುಡ್ಡಲ್ಲಿ ಇದ್ದುಬಿಡೋಣ ಅಂದುಕೊಂಡಿದ್ದೆ. ನನ್ನ ಪ್ಲಾನ್ ಅಂತ ಇದ್ದದ್ದು ಅದೊಂದೇ. ಆದರೆ ನಾನು ಎದ್ದುಹೋದರೆ ಅಲ್ಲಿ ಉಳಿಯುವುದು ಹಳೇ ಯಂತ್ರಗಳು ಮಾತ್ರ. ಅದಕ್ಕೆ ಯಾರು ಎಷ್ಟು ಕೊಡುತ್ತಾರೆ?

ಸಂಜೆ ಸೀದಾ ಅಪ್ಪನ ಹತ್ತಿರ ಹೋದೆ. ಅವರಿಗೆ ಈಗ ಎಪ್ಪತ್ತೊಂದು. ಇವತ್ತಿಗೂ ಬೆಳಗಾದರೆ ಹೊಲಕ್ಕೆ ಹೋಗುತ್ತಾರೆ. "ರಟ್ಟೆಯಲ್ಲಿ ಕಸುವು ಹೋದಮೇಲೆ ಏನು ಮಾಡ್ತೀಯ ಅಪ್ಪ?" ಅಂತ ಜೀವನದಲ್ಲಿ ಮೊದಲ ಸಲ ಕೇಳಿದೆ.

"ಜಮೀನಿದೆಯಲ್ಲ" ಅಂದರು.

ಜಮೀನಿದೆ, ನಿಜ. ಆದರೆ ಆಸ್ಪತ್ರೆ ಖರ್ಚು ಬಂತು ಅಂತ ಬೆಳಗಾಗುವುದರೊಳಗೆ ಅದರ ಒಂದು ಮೂಲೆ ಮಾರಲು ಆಗುತ್ತದೆಯೇ? ಮಾರಿದರೆ ಉಳುತ್ತಿರುವ ತಮ್ಮನ ದುಡಿಮೆಯೂ ಅಷ್ಟಕ್ಕೇ ಕುಗ್ಗುತ್ತದೆ. ಅವನು ಹನ್ನೆರಡು ವರ್ಷದಿಂದ ಅಪ್ಪನ ಜೊತೆ ದುಡಿಯುತ್ತಿದ್ದಾನೆ, ಸಂಬಳ ಅಂತ ಏನೂ ತೆಗೆದುಕೊಂಡಿಲ್ಲ. ಅಪ್ಪ ತುಂಬ ಹೊತ್ತು ಸುಮ್ಮನಿದ್ದು, "ಅವನಿಗೆ ಜಾಸ್ತಿ ಸೇರಬೇಕು, ಅಲ್ವಾ?" ಅಂದರು. ಹೌದು ಅಂದೆ. ಹಾಗೆ ಹೇಳಿದಾಗ ನನ್ನ ಎದೆಯೂ ಹಗುರಾಯಿತು. ಈ ಒಂದು ಮಾತು ಹೊರಗೆ ಬಾರದೆ ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರು ದೂರವಾಗಿದ್ದಾರೆ.

ಆಮೇಲೆ ಕಾಗದ ತೆಗೆದುಕೊಂಡು ಕೂತೆವು. ಅಪ್ಪ ಇರುವವರೆಗೆ ಜಮೀನು ಅವರ ಹೆಸರಲ್ಲೇ ಇರಲಿ, ತಮ್ಮ ಪ್ರತಿ ಫಸಲಿಗೆ ಇಷ್ಟು ಅಂತ ಗೇಣಿ ಕೊಡಲಿ ಅಂತ ಬರೆದೆವು. ಅಲ್ಲೇ ಕೂತಿದ್ದ ಅಮ್ಮ, "ಇವರಾದ ಮೇಲೆ ಆ ಗೇಣಿ ನನಗೆ ಬರುತ್ತಾ?" ಅಂತ ಕೇಳಿದರು. ನಾವಿಬ್ಬರೂ ಅದನ್ನು ಯೋಚಿಸಿಯೇ ಇರಲಿಲ್ಲ! ಅಪ್ಪನಾದ ಮೇಲೆ ಗೇಣಿ ಅಮ್ಮನಿಗೆ ಸೇರಬೇಕು ಅನ್ನುವ ಸಾಲನ್ನು ಎಲ್ಲದಕ್ಕಿಂತ ಮೇಲೆ ಬರೆದೆ.

ನಮ್ಮಂಥವರನ್ನು ಪಿಂಚಣಿ ಕಾನೂನುಗಳೂ ತಡವಾಗಿಯೇ ನೆನೆಸಿಕೊಂಡಿವೆ. ಜರ್ಮನಿಯಲ್ಲಿ ಕೂಲಿ ಕಾರ್ಮಿಕರಿಗೆ ವೃದ್ಧಾಪ್ಯ ಪಿಂಚಣಿಯ ಕಾನೂನು ಬಂದದ್ದು 1889ರಲ್ಲಿ, ರೈತರಿಗೆ ಅಂತಲೇ ಬಂದದ್ದು 1957ರಲ್ಲಿ. ಅಮೆರಿಕದಲ್ಲಿ 1935ರ ಕಾನೂನು ಅಂಗಡಿ ಇಟ್ಟವರನ್ನೂ ರೈತರನ್ನೂ ಹೊರಗಿಟ್ಟಿತ್ತು. ಅಂಗಡಿಯವರಿಗೆ 1950ರ ತಿದ್ದುಪಡಿ, ರೈತರಿಗೆ 1954ರ ತಿದ್ದುಪಡಿ ಬರಬೇಕಾಯಿತು. ಸಂಬಳದಲ್ಲಾದರೆ ತಿಂಗಳು ತಿಂಗಳು ಹಿಡಿದುಕೊಳ್ಳಬಹುದು. ನಮ್ಮ ದುಡಿಮೆಯಲ್ಲಿ ಹಿಡಿದುಕೊಳ್ಳುವವರು ಯಾರು? ನಾವೇ ಹಿಡಿಯಬೇಕು.

ತಿಂಗಳಿಗೆ ಇಷ್ಟು ಅಂತ ಎತ್ತಿಡಲು ನಾನು ಎರಡು ಸಲ ಹೊರಟು ಸೋತಿದ್ದೇನೆ. ಬಂದ ದುಡ್ಡಿನಲ್ಲಿ ಹತ್ತನೇ ಒಂದು ಪಾಲು ಅಂತ ಅಪ್ಪ ಹೇಳಿದರು. ಹೆಚ್ಚು ಬಂದಾಗ ಹೆಚ್ಚು, ಏನೂ ಬಾರದ ತಿಂಗಳು ಏನೂ ಇಲ್ಲ. ಅದು ನನಗೆ ಹಿಡಿಸಿತು. ಬೀಜಕ್ಕೆ ಕಾಳು ಎತ್ತಿಟ್ಟೇ ಉಳಿದದ್ದನ್ನು ಮನೆಗೆ ಬಳಸುತ್ತಾ ಬಂದವರ ಲೆಕ್ಕ ಅದು.

ಆದರೆ ಎತ್ತಿಟ್ಟದ್ದನ್ನು ಪೆಟ್ಟಿಗೆಯಲ್ಲಿ ಇಡಬಾರದು ಅಂತ ನಾನು ಹಟ ಹಿಡಿದೆ. 72ನ್ನು ಚಕ್ರಬಡ್ಡಿಯ ದರದಿಂದ ಭಾಗಿಸಿದರೆ ದುಡ್ಡು ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತದೆ ಅಂತ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಶೇಕಡಾ 6 ಅಂದರೆ 12 ವರ್ಷ. ಬೆಲೆಗಳು ವರ್ಷಕ್ಕೆ ಶೇಕಡಾ 6 ಏರಿದರೆ, ಪೆಟ್ಟಿಗೆಯಲ್ಲಿಟ್ಟ ದುಡ್ಡಿನ ಬೆಲೆ ಅದೇ 12 ವರ್ಷದಲ್ಲಿ ಅರ್ಧಕ್ಕಿಳಿಯುತ್ತದೆ. ಅಪ್ಪ ಬೆರಳು ಮಡಚಿ ಎಣಿಸಿ ನೋಡಿ, ಸರಿ ಅಂದರು.

ಮರುದಿನ ವರ್ಕ್‌ಶಾಪಿಗೆ ಹೊಸ ನೋಟ್‌ಬುಕ್ ತಂದೆ. ನಾನು ಹೇಳುತ್ತಾ ಹೋದೆ, ಹುಡುಗ ಸುತ್ತು, ಗೇಜು, ಬಾಕಿ ಎಲ್ಲ ಬರೆದುಕೊಂಡ. ಅಪ್ಪನ ಉಯಿಲು ಇನ್ನೂ ಬರೆದಾಗಿಲ್ಲ. ತಮ್ಮನಿಗೆ ಇದೆಲ್ಲ ಹೇಳಬೇಕು. ಭಾನುವಾರ ನಾಲ್ಕೂ ಜನ ಕೂರುತ್ತೇವೆ.