ಗ್ರೂಪಿನಲ್ಲಿ ಇಲ್ಲದವರು

ನಮ್ಮ ಹತ್ತನೇ ತರಗತಿಯವರೆಲ್ಲ ಮತ್ತೆ ಸೇರೋಣ ಅಂತ ಮಾತು ಶುರುವಾದ ಮೊದಲ ವಾರ ಗ್ರೂಪಿನಲ್ಲಿ ಬರೀ ಹಳೇ ಫೋಟೋಗಳು. ಯಾರ ಪಕ್ಕ ಯಾರು ನಿಂತಿದ್ದಾರೆ, ಯಾರ ಅಂಗಿಯ ಗುಂಡಿ ಕಿತ್ತಿದೆ, ಯಾರು ಕಣ್ಣು ಮುಚ್ಚಿದ್ದಾರೆ, ಇದೇ ಮಾತು. ಕೊನೇ ಸಾಲಿನ ಮೂಲೆಯಲ್ಲಿ ಅರ್ಧ ಮುಖ ಮಾತ್ರ ಕಾಣುವ ಒಬ್ಬ ಹುಡುಗಿ ಇದ್ದಳು. ಅವಳ ಹೆಸರು ಯಾರಿಗೂ ನೆನಪಿಗೆ ಬರಲಿಲ್ಲ. ಗ್ರೂಪಿನಲ್ಲಂತೂ ಅವಳು ಇರಲೇ ಇಲ್ಲ.

ಅಷ್ಟು ಹೊತ್ತಿಗೆ ರೆಸಾರ್ಟ್ ಬುಕ್ ಮಾಡೋಣವಾ, ಟೀ ಶರ್ಟ್ ಯಾವ ಬಣ್ಣದ್ದು ಅನ್ನುವ ಚರ್ಚೆ ಶುರುವಾಗಿತ್ತು. ನಾನು ಮತ್ತು ಇನ್ನಿಬ್ಬರು ಸೇರಿ ಅದನ್ನು ನಿಲ್ಲಿಸಿ, ಮೊದಲು ಹೆಸರುಗಳ ಪಟ್ಟಿ ಆಗಲಿ ಎಂದೆವು. ಗ್ರೂಪಿನಲ್ಲಿರುವವರು ಹೇಗೂ ಆಗಾಗ ಸಿಗುತ್ತಲೇ ಇರುತ್ತಾರೆ. ಅವರಷ್ಟೇ ಸೇರುವುದಕ್ಕೆ ಇಷ್ಟೆಲ್ಲ ತಯಾರಿ ಯಾಕೆ ಬೇಕು, ಅಲ್ವಾ?

ಶಾಲೆಗೆ ಹೋಗಿ ಕೇಳಿದಾಗ ಮುಖ್ಯೋಪಾಧ್ಯಾಯರು ಬೀರುವಿನ ಕೆಳಗಿನ ಖಾನೆಯಿಂದ ಹಳೇ ಹಾಜರಿ ಪುಸ್ತಕ ತೆಗೆಸಿದರು. ವಿಳಾಸ, ಜನ್ಮದಿನಾಂಕ ಏನನ್ನೂ ಕೊಡುವುದಿಲ್ಲ, ಹೆಸರು ಮಾತ್ರ ಬರೆದುಕೊಳ್ಳಿ ಎಂದರು. ಅವರು ಮಾಡಿದ್ದು ಸರಿ. ಹಾಳೆಯ ಅಂಚು ಕಂದು ಬಣ್ಣಕ್ಕೆ ತಿರುಗಿತ್ತು, ಆದರೆ ಅಕ್ಷರ ಮಾತ್ರ ಚೊಕ್ಕವಾಗಿತ್ತು. ಕ್ರಮಸಂಖ್ಯೆ, ಹೆಸರು, ಆಮೇಲೆ ದಿನಕ್ಕೊಂದು ಚೌಕ. ಕೆಲವು ಹೆಸರುಗಳ ಮುಂದೆ ವರ್ಷದ ನಡುವೆ ಚೌಕಗಳು ಖಾಲಿಯಾಗಿ, ಅಡ್ಡಕ್ಕೆ ಕೆಂಪು ಗೆರೆ ಎಳೆದಿದ್ದರು. ಶಾಲೆ ಬಿಟ್ಟವರು. ಅವರಲ್ಲಿ ಕೆಲವರ ಹೆಸರು ಓದಿದ ಮೇಲೆಯೇ ನಮಗೆ ಅವರ ಮುಖ ಕಣ್ಣ ಮುಂದೆ ಬಂತು.

ಅವರನ್ನೂ ಕರೆಯಬೇಕಾ ಅಂತ ಒಬ್ಬರು ಕೇಳಿದರು. ಪರೀಕ್ಷೆಯೇ ಬರೆದಿಲ್ಲವಲ್ಲ ಎಂಬ ವಾದ. ನನಗೆ ಸಿಟ್ಟು ಬಂತು. ಅದೇ ಬೆಂಚಿನಲ್ಲಿ ನಮ್ಮ ಜೊತೆ ಕೂತವರು, ಮನೆಯ ಪರಿಸ್ಥಿತಿಯಿಂದ ನಡುವೆ ಹೋದವರು, ಅವರನ್ನು ಎರಡನೇ ಸಲವೂ ಹೊರಗಿಡೋದು ಹೇಗೆ? ಒಂದು ದಿನ ಕೂತಿದ್ದರೂ ಸರಿ, ಕರೆಯೋಣ ಅಂತ ಕೊನೆಗೆ ಎಲ್ಲರೂ ಒಪ್ಪಿದರು.

ಗೂಗಲ್ ಶೀಟ್ ಮಾಡಿ, ಒಂದೊಂದು ಹೆಸರಿನ ಮುಂದೆ ಯಾರು ಹುಡುಕುತ್ತಾರೆ ಎಂದು ಬರೆದೆವು. ಎಲ್ಲರೂ ನೋಡಿ ಅಂದರೆ ಯಾರೂ ನೋಡುವುದಿಲ್ಲ, ಒಬ್ಬರ ಹೆಸರು ಬರೆದರೆ ಕೆಲಸ ಆಗುತ್ತದೆ. ಹುಡುಗರು ಬೇಗ ಸಿಕ್ಕರು. ಹುಡುಗಿಯರನ್ನು ಹುಡುಕುವುದೇ ಕಷ್ಟ. ಮದುವೆಯಾದ ಮೇಲೆ ಊರು ಬದಲು, ಹೆಸರಿನ ಕೊನೆಯ ಭಾಗ ಬದಲು, ಫೇಸ್‌ಬುಕ್‌ನಲ್ಲಿ ಹಳೇ ಹೆಸರು ಹಾಕಿದರೆ ಏನೂ ಸಿಗದು. ಅಣ್ಣ ತಮ್ಮಂದಿರು, ಹಳೇ ಮನೆಯ ಅಕ್ಕಪಕ್ಕದವರು, ಹೀಗೆ ಬಾಯಿಂದ ಬಾಯಿಗೆ ಹೋಗಿಯೇ ಸಿಗಬೇಕು.

ಹಾಗೆ ಒಬ್ಬ ಗೆಳತಿಯ ತಮ್ಮ ಫೋನಿನಲ್ಲಿ ಸಿಕ್ಕ. 'ಅವಳು ಬರಲ್ಲ ಬಿಡಿ ಅಕ್ಕಾ, ಅವಳಿಗೆ ಇದೆಲ್ಲ ಇಷ್ಟ ಇಲ್ಲ' ಎಂದ. ಒಬ್ಬರ ಪರವಾಗಿ ಇನ್ನೊಬ್ಬರು ಹೇಳುವ 'ಬರಲ್ಲ'ವನ್ನು ಒಪ್ಪಬಾರದು ಅಂತ ನಾವು ಮೊದಲೇ ಮಾತಾಡಿಕೊಂಡಿದ್ದೆವು. ಅವಳ ನಂಬರು ಕೊಡು ಎಂದು ಪೀಡಿಸುವುದೂ ತಪ್ಪು. 'ನನ್ನ ನಂಬರು ಅಕ್ಕನಿಗೆ ಕೊಡಪ್ಪಾ, ಮನಸ್ಸಾದರೆ ಅವಳೇ ಮಾಡಲಿ' ಎಂದು ಇಟ್ಟೆ. ಸಂಜೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಮೊದಲ ಮಾತೇ 'ನನ್ನನ್ನ ಯಾರು ಕಣೇ ನೆನಪಿಟ್ಕೊಂಡಿರೋದು?' ನಾನು ಆ ಗ್ರೂಪ್ ಫೋಟೋ ಕಳಿಸಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ 'ಮೂಲೆಯಲ್ಲಿ ಅರ್ಧ ಕಾಣ್ತಿರೋದು ನಾನೇ' ಎಂದು, ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರನ್ನೂ ಹೇಳುತ್ತಾ ಹೋದಳು, ಯಾರು ಎಲ್ಲಿಂದ ನಡೆದು ಬರುತ್ತಿದ್ದರು, ಯಾರ ಅಕ್ಷರ ಚೆನ್ನಾಗಿತ್ತು, ಯಾರ ಪೆನ್ನು ಸೋರುತ್ತಿತ್ತು ಎಂಬುದನ್ನೂ ಸೇರಿಸಿ. ನಾವೆಲ್ಲ ಮರೆತವಳ ತಲೆಯಲ್ಲಿ ನಾವೆಲ್ಲ ಹಾಗೇ ಇದ್ದೆವು. ನನಗೆ ಮಾತೇ ಹೊರಡಲಿಲ್ಲ. ನಮ್ಮ ಪಟ್ಟಿಯಲ್ಲಿ ಗುರುತು ಸಿಗದೆ ಉಳಿದಿದ್ದ ಹೆಸರುಗಳ ಬಗ್ಗೆಯೂ ಆಮೇಲೆ ಅವಳನ್ನೇ ಕೇಳತೊಡಗಿದೆವು.

ಎದೆಗೆ ಹಾಕುವ ಹೆಸರಿನ ಚೀಟಿಯ ಯೋಚನೆ ಬಂದಿದ್ದು ಇದರಿಂದಲೇ. 1975ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾರಿ ಬ್ಯಾರಿಕ್ ಮತ್ತು ಅವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದ್ದರು. 392 ಜನರಿಗೆ ಅವರ ಶಾಲೆಯ ಹಳೇ ಫೋಟೋಗಳನ್ನು ತೋರಿಸಿ, ಸಹಪಾಠಿಗಳ ಬಗ್ಗೆ ಕೇಳಿದ್ದರು. ಶಾಲೆ ಬಿಟ್ಟು ಮೂವತ್ತು ವರ್ಷ ದಾಟಿದವರೂ ಹತ್ತರಲ್ಲಿ ಸುಮಾರು ಒಂಬತ್ತು ಮುಖಗಳನ್ನು ಸರಿಯಾಗಿ ಗುರುತು ಹಿಡಿದರು. ಏನೂ ತೋರಿಸದೆ ಹೆಸರು ಹೇಳಿ ಅಂದಾಗ ಮಾತ್ರ ತಡವರಿಸಿದರು. ಅಂದರೆ ನಮಗೆ ನೆನಪಿರುವುದು ಆಗಿನ ಮುಖ. ಈಗ ಕೂದಲು ಹೋಗಿದೆ, ಮೈ ಬಂದಿದೆ, ಕನ್ನಡಕ ಬಂದಿದೆ. ಅದಕ್ಕೇ ಚೀಟಿಯಲ್ಲಿ ದೊಡ್ಡ ಅಕ್ಷರದ ಹೆಸರಿನ ಜೊತೆ ಹಳೇ ಫೋಟೋದಿಂದ ಕತ್ತರಿಸಿದ ಆಗಿನ ಮುಖವನ್ನೂ ಹಾಕುತ್ತಿದ್ದೇವೆ. ಹೆಸರು ಮರೆತು ಇಬ್ಬರೂ ಮುಜುಗರಪಡುವುದು ತಪ್ಪುತ್ತದೆ.

ದುಡ್ಡಿನ ವಿಷಯಕ್ಕೆ ಜಾಸ್ತಿ ಮಾತಾಯಿತು. ತಲೆಗೆ ಇಷ್ಟು ಅಂತ ಹಾಕಿ, ಕೊಟ್ಟವರ ಹೆಸರನ್ನು ಗ್ರೂಪಿನಲ್ಲಿ ಹಾಕೋಣ ಎಂದು ಕೆಲವರು. ನನಗೆ ಇದು ಸುತರಾಂ ಇಷ್ಟವಾಗಲಿಲ್ಲ. ಕೊಡಲು ಆಗದವರು ದುಡ್ಡಿಲ್ಲ ಅಂತ ಹೇಳುವುದಿಲ್ಲ, ಅವತ್ತು ಬೇರೆ ಕೆಲಸ ಇದೆ ಅಂತಾರೆ. ನಾವು ಅದನ್ನೇ ನಂಬಿ ಸುಮ್ಮನಾಗುತ್ತೇವೆ. ಈಗ ಒಬ್ಬರು ದುಡ್ಡು ತೆಗೆದುಕೊಳ್ಳುತ್ತಾರೆ, ಇನ್ನೊಬ್ಬರು ಲೆಕ್ಕ ಬರೆಯುತ್ತಾರೆ. ಯಾರು ಎಷ್ಟು ಕೊಟ್ಟರು ಎಂಬುದು ಅವರಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಾಗುವುದಿಲ್ಲ. ಖರ್ಚು ಮಾತ್ರ ಪೈಸೆ ಪೈಸೆ ಎಲ್ಲರಿಗೂ ಕಾಣುತ್ತದೆ.

ರೆಸಾರ್ಟ್ ಕೂಡ ಬಿಟ್ಟೆವು. ರಾತ್ರಿ ತಂಗಬೇಕು ಅಂದ ಕೂಡಲೇ ಚಿಕ್ಕ ಮಕ್ಕಳಿರುವವರು, ಹಾಸಿಗೆ ಹಿಡಿದ ಅಪ್ಪ ಅಮ್ಮನನ್ನು ನೋಡಿಕೊಳ್ಳುವವರು, ಅಂಗಡಿ ಮುಚ್ಚಲಾಗದವರು ಎಲ್ಲ ಹಿಂದೆ ಸರಿಯುತ್ತಾರೆ. ಶಾಲೆಯ ಹಾಲ್‌ನಲ್ಲೇ, ಬೆಳಿಗ್ಗೆಯಿಂದ ಸಂಜೆಯವರೆಗೆ, ಅಷ್ಟೇ. ದಿನಾಂಕಕ್ಕೆ ವಾಟ್ಸಾಪ್‌ನಲ್ಲಿ ಪೋಲ್ ಹಾಕಿದ್ದೆವು. ವಾಟ್ಸಾಪ್ ಇಲ್ಲದವರಿಗೆ ಫೋನ್ ಮಾಡಿ ಕೇಳಿ, ಅವರ ಓಟನ್ನೂ ಸೇರಿಸಿದೆವು. ಸೂಚನೆಗಳಿಗೆ ಅಡ್ಮಿನ್‌ಗಳು ಮಾತ್ರ ಬರೆಯುವ ಬೇರೆ ಗ್ರೂಪ್ ಮಾಡಿದ್ದು ಒಳ್ಳೆಯದಾಯಿತು, ಶುಭೋದಯಗಳ ನಡುವೆ ದಿನಾಂಕ ಕಳೆದುಹೋಗುವುದು ನಿಂತಿತು.

ಒಬ್ಬ ಮಾತ್ರ ಖಂಡಿತ ಬರುವುದಿಲ್ಲ ಎಂದ. ಅವನೇ ಹೇಳಿದ, ಬೇರೆ ಯಾರೂ ಅಲ್ಲ. 'ನಿಮಗೆಲ್ಲ ಆ ಶಾಲೆ ಚೆನ್ನಾಗಿತ್ತು. ನನಗೆ ಅಲ್ಲಿ ನೆನಪಿರೋದು ನೀವು ಇಟ್ಟ ಅಡ್ಡಹೆಸರು ಒಂದೇ.' ಅವನನ್ನು ನಾವು ಒತ್ತಾಯ ಮಾಡಲಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ಕಾರ್ಯಕ್ರಮದ ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡೆವು. ಅಡ್ಡಹೆಸರುಗಳ ಆಟ ತೆಗೆದೆವು. ಒಬ್ಬೊಬ್ಬರೇ ಎದ್ದು ನಿಂತು ಈಗ ಏನು ಕೆಲಸ, ಎಲ್ಲಿ ಮನೆ ಎಂದು ಹೇಳುವುದನ್ನೂ ತೆಗೆದೆವು. ಅದರ ಬದಲು ತರಗತಿಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದವರ ಬಗ್ಗೆ ಏನಾದರೂ ಒಂದು ಹೇಳಬೇಕು. ಶಾಲೆ ಬಿಟ್ಟವರಿಗೂ ಪಕ್ಕದಲ್ಲಿ ಯಾರೋ ಒಬ್ಬರು ಇದ್ದೇ ಇರುತ್ತಾರೆ.

ತೀರಿಕೊಂಡವರ ಹೆಸರನ್ನು ಓದುವ ಮೊದಲು ಅವರ ಮನೆಯವರನ್ನು ಕೇಳಿದ್ದೇವೆ. ಒಬ್ಬರ ಅಮ್ಮ ತಾವೂ ಬರುತ್ತೇನೆ ಎಂದಿದ್ದಾರೆ. ವಯಸ್ಸಾದ ಮೇಷ್ಟ್ರುಗಳನ್ನು ಮನೆಯಿಂದ ಕರೆತಂದು ಮತ್ತೆ ಬಿಟ್ಟು ಬರುವುದಕ್ಕೆ ಕಾರು ಇರುವವರ ಹೆಸರು ಬರೆದಾಗಿದೆ. ಭಾಷಣ ಚಿಕ್ಕದಾಗಿರಬೇಕು, ಅವರನ್ನು ಗಂಟೆಗಟ್ಟಲೆ ವೇದಿಕೆ ಮೇಲೆ ಕೂರಿಸಬಾರದು ಎಂಬುದು ನನ್ನ ಹಟ.

ಶೀಟಿನಲ್ಲಿ ಇನ್ನೂ ಕೆಲವು ಹೆಸರುಗಳ ಮುಂದೆ ಏನೂ ಬರೆದಿಲ್ಲ. ಕೆಂಪು ಗೆರೆ ಎಳೆದ ಹುಡುಗರಲ್ಲಿ ಒಬ್ಬ ಲಾರಿ ಓಡಿಸುತ್ತಾನಂತೆ ಅಂತ ನಿನ್ನೆ ಸುದ್ದಿ ಬಂತು. ಅವನ ಚಿಕ್ಕಪ್ಪನ ನಂಬರು ಸಿಕ್ಕಿದೆ. ಇವತ್ತು ಅವರಿಗೆ ಫೋನ್ ಮಾಡಬೇಕು.