ಸ್ಪಂಜಿನ ದುಡ್ಡಲ್ಲಿ ಎದ್ದ ಊರು ಸಿಮಿ

ಗ್ರೀಸ್‌ನ ಸಿಮಿ ದ್ವೀಪದ ಫೋಟೋ ಮನೆಯವರ ಗ್ರೂಪಿಗೆ ಹಾಕಿದ್ದೆ. ಬಂದರಿನ ಸುತ್ತ ಗುಡ್ಡದ ತುಂಬಾ ಒಂದರ ಮೇಲೊಂದು ಹಳದಿ, ನೀಲಿ, ಇಟ್ಟಿಗೆ ಬಣ್ಣದ ಮನೆಗಳು. ಅಕ್ಕ ಕೇಳಿದಳು: "ಬರೀ ಬಂಡೆ ಕಾಣ್ತಿದೆ, ಗದ್ದೆ ಇಲ್ಲ, ತೋಟ ಇಲ್ಲ. ಇಷ್ಟು ಮನೆ ಕಟ್ಟೋಕೆ ದುಡ್ಡೆಲ್ಲಿಂದ ಬಂತೋ?" ಸರಿಯಾದ ಪ್ರಶ್ನೆ. ದುಡ್ಡು ಬಂದದ್ದು ಸಮುದ್ರದ ತಳದಿಂದ. ಮೈ ಉಜ್ಜುವ ಸ್ಪಂಜು ಅಲ್ಲಿ ಬಂಡೆಗೆ ಅಂಟಿಕೊಂಡು ಬೆಳೆಯುವ ಒಂದು ಜೀವಿ, ಅದನ್ನು ಕಿತ್ತು ಮಾರುತ್ತಿದ್ದರು.

ನಾನಿರುವ ರೋಡ್ಸ್ ದ್ವೀಪದಿಂದ ದೋಣಿ ಹತ್ತಿದರೆ ಸಿಮಿ ಹತ್ತಿರವೇ. ಪ್ರಾಚೀನ ಗ್ರೀಕ್ ಕವಿ ಹೋಮರನ ಇಲಿಯಡ್ ಮಹಾಕಾವ್ಯದಲ್ಲಿ ಇಲ್ಲಿನ ರಾಜ ನಿರಿಯಸ್ ಮೂರೇ ಹಡಗು ತಗೊಂಡು ಟ್ರಾಯ್ ಯುದ್ಧಕ್ಕೆ ಹೋಗುತ್ತಾನೆ, ಗ್ರೀಕರ ಮಹಾವೀರ ಅಖಿಲೀಸ್ ಬಿಟ್ಟರೆ ಅವನೇ ಚೆಲುವನಂತೆ! ಆಮೇಲೆ ಸೇಂಟ್ ಜಾನ್ ಅನ್ನುವ ಕ್ರೈಸ್ತ ಪಂಥದ ಯೋಧರು ಬಂದರು, 1522ರಲ್ಲಿ ಆಟೊಮನ್ ತುರ್ಕರು ಬಂದರು. ತುರ್ಕರ ಕಾಲ ಅಂದರೆ ಬರೀ ದಬ್ಬಾಳಿಕೆ ಅಂದುಕೊಳ್ಳುತ್ತೇವೆ, ಅಲ್ವಾ? ಸಿಮಿಗೆ ಅದೇ ಒಳ್ಳೆಯ ಕಾಲ. ವರ್ಷಕ್ಕಿಷ್ಟು ಕಪ್ಪ ಕೊಟ್ಟರೆ ಸುಲ್ತಾನ ಇವರ ತಂಟೆಗೆ ಬರುತ್ತಿರಲಿಲ್ಲ. ದೋಣಿ ಕಟ್ಟುವ ಮರ ಎದುರಿಗೇ ಕಾಣುವ ತುರ್ಕಿಯ ದಡದಿಂದ ಬರುತ್ತಿತ್ತು.

ಮುಳುಗುಗಾರರು ಚಪ್ಪಟೆ ಕಲ್ಲೊಂದನ್ನು ಕೈಯಲ್ಲಿ ಹಿಡಿದು ಹಾರುತ್ತಿದ್ದರು. ಕಲ್ಲಿನ ಭಾರಕ್ಕೆ ಸರ್ರನೆ ತಳ ಸೇರಿ, ಉಸಿರು ಹಿಡಿದಷ್ಟು ಹೊತ್ತು ಸ್ಪಂಜು ಕಿತ್ತು, ಹಗ್ಗ ಜಗ್ಗಿದರೆ ಮೇಲಿದ್ದವರು ಎಳೆದುಕೊಳ್ಳುತ್ತಿದ್ದರು. 1860ರ ದಶಕದಲ್ಲಿ ತಾಮ್ರದ ಟೋಪಿ, ರಬ್ಬರ್ ಅಂಗಿ, ಗಾಳಿ ಪಂಪಿನ ಪೋಷಾಕು ಬಂತು. ಊರವರು ಹೆದರಿದಾಗ, ಅದನ್ನು ತಂದವನ ಹೆಂಡತಿಯೇ ಬಸುರಿಯಾಗಿದ್ದರೂ ತೊಟ್ಟು ಬಂದರಿನಲ್ಲಿ ಮುಳುಗಿ ತೋರಿಸಿದಳು ಅಂತ ಇಲ್ಲಿ ಕಥೆ ಹೇಳುತ್ತಾರೆ.

ಈ ಪೋಷಾಕಿನಿಂದ ಹೆಚ್ಚು ಹೊತ್ತು ಕೆಳಗೆ ಇರಬಹುದಿತ್ತು, ಇನ್ನೂ ಆಳಕ್ಕೆ ಇಳಿಯಬಹುದಿತ್ತು. ದುಡ್ಡು ಸುರಿಯಿತು, ಈ ಚಂದದ ಮನೆಗಳೆದ್ದವು. ಆದರೆ ಆಳದಲ್ಲಿ ಒತ್ತಡಕ್ಕೆ ರಕ್ತದಲ್ಲಿ ಕರಗಿದ ನೈಟ್ರೋಜನ್, ಬೇಗ ಮೇಲೆ ಬಂದರೆ ಗುಳ್ಳೆಯಾಗುತ್ತದೆ. ಕಾಲು ಸ್ವಾಧೀನ ತಪ್ಪುತ್ತದೆ, ಜೀವವೂ ಹೋಗುತ್ತದೆ. ಎಷ್ಟು ನಿಧಾನಕ್ಕೆ ಮೇಲೆ ಬರಬೇಕು ಅನ್ನುವ ಲೆಕ್ಕವನ್ನು ವಿಜ್ಞಾನಿ ಹಾಲ್ಡೇನ್ ಕೊಟ್ಟದ್ದು 1908ರಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಗಳ ಗಂಡಸರು ಇಪ್ಪತ್ತು, ಮೂವತ್ತರ ವಯಸ್ಸಿಗೇ ಊರುಗೋಲು ಹಿಡಿದಾಗಿತ್ತು.

ಪ್ರಪಂಚದ ಮೊದಲ ಕಂಪ್ಯೂಟರ್ ಅನ್ನುವ, ಪ್ರಾಚೀನ ಗ್ರೀಕರು ಸೂರ್ಯ ಚಂದ್ರರ ಚಲನೆ ಲೆಕ್ಕ ಹಾಕಲು ಮಾಡಿದ್ದ ಆಂಟಿಕಿಥೆರಾ ಯಂತ್ರ ಸಿಕ್ಕಿದ್ದೂ ಸಿಮಿಯವರಿಂದಲೇ. 1900ರಲ್ಲಿ ಬಿರುಗಾಳಿಗೆ ಸಿಕ್ಕು ಆಂಟಿಕಿಥೆರಾ ದ್ವೀಪದ ಮರೆಗೆ ನಿಂತ ಕ್ಯಾಪ್ಟನ್ ಕೊಂಡೋಸ್‌ನ ದೋಣಿಯಿಂದ ಎಲಿಯಾಸ್ ಸ್ಟಾಡಿಯಾಟಿಸ್ ಅನ್ನುವವನು ಇಳಿದ. ಬೆತ್ತಲೆ ಹೆಣಗಳ ರಾಶಿ, ಕುದುರೆಗಳು ಅಂತ ಗಾಬರಿಯಾಗಿ ಮೇಲೆ ಬಂದ. ನೋಡಿದರೆ ಮುಳುಗಿದ ಹಡಗಿನ ಶಿಲ್ಪಗಳು! ಅವನ್ನೆಲ್ಲ ಮೇಲೆತ್ತುವಾಗ ಒಬ್ಬ ಸತ್ತ, ಇಬ್ಬರಿಗೆ ಪಾರ್ಶ್ವವಾಯು ಬಡಿಯಿತು. ಯಂತ್ರದ ಹಲ್ಲುಚಕ್ರ ಕಣ್ಣಿಗೆ ಬಿದ್ದದ್ದು 1902ರಲ್ಲಿ, ಅಥೆನ್ಸ್‌ನ ಮ್ಯೂಸಿಯಮ್ಮಿನಲ್ಲಿ.

1912ರಲ್ಲಿ ಇಟಲಿ ದ್ವೀಪವನ್ನು ಹಿಡಿಯಿತು. ಎದುರಿನ ದಡ ಬೇರೆ ದೇಶವಾಯಿತು, ಮರವೂ ವ್ಯಾಪಾರವೂ ನಿಂತವು. 20,000 ದಾಟಿದ್ದ ಜನ ಗುಳೆ ಎದ್ದರು, ಕೆಲವರು ಅಮೆರಿಕದ ಫ್ಲಾರಿಡಾಕ್ಕೂ ಹೋಗಿ ಸ್ಪಂಜೇ ಹಿಡಿದರು. ಎರಡನೇ ಮಹಾಯುದ್ಧದಲ್ಲಿ ಇಟಲಿಯ ನಂತರ ಜರ್ಮನರು ಇಲ್ಲಿ ಕೂತರು. 1945ರ ಮೇ 8ರಂದು ರೋಡ್ಸ್, ಸಿಮಿ ಎಲ್ಲ ಸೇರಿದ ಈ ಇಡೀ ದ್ವೀಪಗುಂಪನ್ನು ಅವರು ಬ್ರಿಟಿಷರಿಗೆ ಒಪ್ಪಿಸಿದ ಕಾಗದಕ್ಕೆ ಸಹಿ ಬಿದ್ದದ್ದು ಸಿಮಿಯ ಬಂದರಿನ ಪಕ್ಕದ ಮನೆಯಲ್ಲಿ. ಗ್ರೀಸ್‌ಗೆ ವಿಧಿವತ್ತಾಗಿ ಸೇರಿದ್ದು 1948ರಲ್ಲಿ. ಈಗಿನ ಜನಸಂಖ್ಯೆ ಸುಮಾರು 2,500.

ಬಂದರಿನಿಂದ ಮೇಲೂರಿಗೆ ಕಾಲಿ ಸ್ಟ್ರಾಟಾ ಅನ್ನುವ ಸುಮಾರು 500 ಮೆಟ್ಟಿಲಿದೆ. ಏದುಸಿರು ಬಿಡುತ್ತಾ ಹತ್ತಿದರೆ ಅಕ್ಕಪಕ್ಕ ಸೂರಿಲ್ಲದ ಬಂಗಲೆಗಳು, ನಡುಮನೆಯಲ್ಲೇ ಅಂಜೂರದ ಗಿಡ. ಪ್ರವಾಸಿಗರು ಸುಮ್ನೆ ಫೋಟೋ ತೆಗೆದು ಮುಂದೆ ಹೋಗುತ್ತಾರೆ.

ನೀವು ಬಂದರೆ ಸ್ಪಂಜು ತಗೊಳ್ಳಿ, ಆದರೆ ಕೇಳಿ ತಗೊಳ್ಳಿ. ಬಿಳಿಚಿದ ಹಳದಿ ಸ್ಪಂಜು ಬ್ಲೀಚ್ ಮಾಡಿದ್ದು, ಕಂದು ಬಣ್ಣದ್ದೇ ಜಾಸ್ತಿ ಬಾಳಿಕೆ. 1986ರ ಸುಮಾರಿಗೆ ರೋಗ ಬಂದು ಮೆಡಿಟರೇನಿಯನ್ ಸಮುದ್ರದ ಎಷ್ಟೋ ಸ್ಪಂಜು ಸತ್ತುಹೋದ ಮೇಲೆ, ಈ ಅಂಗಡಿಗಳಿಗೆ ಅಮೆರಿಕದ ಕಡೆಯ ಸಮುದ್ರದ ಮಾಲೂ ಬರುತ್ತದೆ.